ಕಾವಲಿನ ಬೆಂಕಿ, ನರಕದ ಬೆಂಕಿ

ಹೋದ ತಿಂಗಳು ರಾಯಕೋಟೆ ರಸ್ತೆಯಲ್ಲಿ ನಮ್ಮ ಬಸ್ಸು ಸಾನಮಾವು ಕಾಡಿನ ಅಂಚಿಗೆ ನಿಂತುಬಿಟ್ಟಿತು. ಮುಂದೆ ಆನೆಗಳು ರಸ್ತೆ ದಾಟುತ್ತಿವೆ ಎಂದು ಕಂಡಕ್ಟರ್ ತಮಿಳಿನಲ್ಲಿ ಹೇಳಿದ, ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದ, ಕೊನೆಗೆ ನನ್ನ ಮುಖ ನೋಡಿ ಕನ್ನಡದಲ್ಲೂ ಹೇಳಿದ. ಕಿಟಕಿಯಿಂದ ಹೊಗೆ ನುಗ್ಗಿತು. ಯಾರೋ ಹೊಲದ ಅಂಚಿನಲ್ಲಿ ಹಸಿ ಲಂಟಾನದ ಕಡ್ಡಿಯನ್ನೂ ಹಳೆಯ ಗೋಣಿಚೀಲವನ್ನೂ ಸೇರಿಸಿ ಸುಡುತ್ತಿದ್ದರು. ಪಕ್ಕದ ಸೀಟಿನ ಕಾಲೇಜು ಹುಡುಗಿ ಮೂಗಿಗೆ ಕರ್ಚೀಫು ಹಿಡಿದಳು. ನನಗೆ ನರಕ ನೆನಪಾಯಿತು. ತಪ್ಪು ತಿಳಿಯಬೇಡಿ, ಸಂತೋಷದಿಂದಲೇ ನೆನಪಾಯಿತು.

ಎಂಬತ್ತನೆಯ ಇಸವಿಯ ಆಸುಪಾಸು. ನನ್ನನ್ನು ಆ ಕಾಡಿನ ಪಕ್ಕದ ಒಂದು ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ಟೀಚರಾಗಿ ಹಾಕಿದ್ದರು. ನಮ್ಮೂರು ತೊರಪಲ್ಲಿ ಅಗ್ರಹಾರ ಅಲ್ಲಿಗೆ ತೀರಾ ದೂರವೇನಲ್ಲ. ಆದರೆ ಬೆಳಗಿನ ಬಸ್ಸಿಗೆ ತನ್ನದೇ ಆದ ಮರ್ಜಿ ಇದ್ದುದರಿಂದ ಆ ಹಳ್ಳಿಯಲ್ಲೇ ಒಂದು ಕೋಣೆ ಹಿಡಿಯಬೇಕಾಯಿತು. ಕೋಣೆ ಕೊಟ್ಟವಳು ಜ್ಞಾನಮ್ಮ. ಅವಳ ಗಂಡ ದೇವಸಹಾಯಂ ಊರಿನ ಚಿಕ್ಕ ಚರ್ಚಿನ ಉಪದೇಶಿ, ಅಂದರೆ ತಿಂಗಳಿಗೊಮ್ಮೆ ಬರುವ ಪಾದ್ರಿ ಅಯ್ಯನವರು ಬಾರದ ವಾರಗಳಲ್ಲಿ ಪ್ರಾರ್ಥನೆ ನಡೆಸುವವರು. ಮನೆಯ ಹಿತ್ತಲಿಗೆ ಅಂಟಿಕೊಂಡಂತೆ ಅವಳ ತಂದೆ ಮುನಿಯಪ್ಪನ ಗುಡಿಸಲಿತ್ತು. ಮುನಿಯಪ್ಪ ಮಾರಮ್ಮನ ಒಕ್ಕಲು. ಆ ಊರಿನಲ್ಲಿ ಒಂದೇ ಕುಲದ ಅರ್ಧ ಮನೆಗಳು ಹಿಂದಿನ ತಲೆಮಾರಿನಲ್ಲಿ ಚರ್ಚಿಗೆ ಹೋಗಿದ್ದವು, ಅರ್ಧ ಮಾರಮ್ಮನ ಹತ್ತಿರವೇ ಉಳಿದಿದ್ದವು. ಹೆಣ್ಣು ಕೊಟ್ಟು ತರುವುದು ಮಾತ್ರ ನಿಂತಿರಲಿಲ್ಲ. ಪ್ರಾರ್ಥನೆ ತಮಿಳಿನಲ್ಲಿ, ಮಾತು ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಯಾರಿಗೂ ಇದರಿಂದ ತೊಂದರೆಯಾಗಿದ್ದನ್ನು ನಾನು ಕಾಣೆ.

ತೊಂದರೆ ಶುರುವಾದದ್ದು ಜ್ಞಾನಮ್ಮನ ತಮ್ಮನಿಂದ. ವೆಂಕಟೇಶ ಅಂತ ಅವನ ಹೆಸರು. ಹೊಸೂರಿನಲ್ಲಿ ಆಗತಾನೆ ಏಳುತ್ತಿದ್ದ ಫ್ಯಾಕ್ಟರಿಗಳಲ್ಲಿ ಒಂದಕ್ಕೆ ಸೇರಿ, ಆಲಸನತ್ತಂನಲ್ಲಿ ಜೊತೆಗಾರರೊಂದಿಗೆ ಕೋಣೆ ಮಾಡಿಕೊಂಡಿದ್ದ. ಆ ಜೊತೆಗಾರರ ಪ್ರಾರ್ಥನಾ ಕೂಟಕ್ಕೆ ಹೋಗಿ, ಕೆರೆಯಲ್ಲಿ ಮುಳುಗಿ, ಸ್ಯಾಮುವೇಲ್ ಆಗಿ ಎದ್ದಿದ್ದ. ಭಾನುವಾರ ಊರಿಗೆ ಬಂದರೆ ಅವನ ಬಾಯಲ್ಲಿ ಒಂದೇ ಮಾತು, ನರಕ. ಹಳೆಯ ಚರ್ಚಿನವರು ನೆತ್ತಿಗೆ ನೀರು ಚಿಮುಕಿಸಿಕೊಂಡು ತಣ್ಣಗಾಗಿದ್ದಾರೆ, ಬೆಂಕಿಯ ವಿಷಯ ಜನರಿಗೆ ಹೇಳುವುದೇ ಇಲ್ಲ ಎಂಬುದು ಅವನ ಆಕ್ಷೇಪ.

ನನಗೋ ಚಿಕ್ಕಂದಿನಿಂದ ಕೆದಕುವ ಬುದ್ಧಿ. ನಮ್ಮಜ್ಜಿ ಯಮಪಟ್ಟಣದ ಎಣ್ಣೆ ಕೊಪ್ಪರಿಗೆ, ಮುಳ್ಳಿನ ಮರ, ಕೀವಿನ ಹೊಳೆ ಎಲ್ಲವನ್ನೂ ಒಬ್ಬಟ್ಟು ತಟ್ಟುತ್ತಲೇ ವರ್ಣಿಸುತ್ತಿದ್ದಳು. ಹಾಗಾಗಿ ನರಕ ನನಗೆ ಹೊಸದಲ್ಲ. ಆದರೆ ಬೆಂದು ಮುಗಿದ ಮೇಲೆ ನಮ್ಮವರು ನಾಯಿಯಾಗಿಯೋ ನರಿಯಾಗಿಯೋ ಮತ್ತೆ ಹುಟ್ಟಿ ಬರುತ್ತಾರೆ. ನಮ್ಮ ನರಕ ಜೈಲಿದ್ದ ಹಾಗೆ, ಶಿಕ್ಷೆ ಮುಗಿದರೆ ಬಿಡುಗಡೆ. ಸ್ಯಾಮುವೇಲನ ನರಕಕ್ಕೆ ಬಿಡುಗಡೆಯೇ ಇಲ್ಲ ಎಂದು ಕೇಳಿದಾಗ ನನಗೆ ಭಯವಾಗುವ ಬದಲು ಕುತೂಹಲ ಹುಟ್ಟಿತು. ಅಲ್ಲಿ ಸುಡುವವನು ಸುಟ್ಟು ಮುಗಿಯುವುದಿಲ್ಲವೇ? ಮುಗಿಯದಿದ್ದರೆ ಅದೆಂಥ ಬೆಂಕಿ?

ಒಂದು ಭಾನುವಾರ ಸ್ಯಾಮುವೇಲನನ್ನೇ ಕೇಳಿಬಿಟ್ಟೆ. ಜ್ಞಾನಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಮುಗಿಯಕಿಲ್ಲ ಟೀಚರ್," ಅಂದ ಸ್ಯಾಮುವೇಲ್. "ಬೆಂಕಿನೂ ಆರಲ್ಲ, ಹುಳಾನೂ ಸಾಯಲ್ಲ. ಇದು ನನ್ನ ಮಾತಲ್ಲ, ವೇದದ ಮಾತು." ವೇದ ಎಂದರೆ ಅವರಲ್ಲಿ ಬೈಬಲ್ಲು.

"ಬೆಂಕಿ ಆರಲ್ಲ ಅಂತ ಐತೆ. ಬಿದ್ದೋನು ಬೇಯ್ತಾನೇ ಇರ್ತಾನೆ ಅಂತ ಹೆಂಗೆ ಹೇಳ್ತೀಯಪ್ಪ?" ಅಂದರು ದೇವಸಹಾಯಂ. ಅವರು ಎಂದೂ ದನಿ ಎತ್ತಿದವರಲ್ಲ. "ಬೂದಿ ಆಗ್ಬುಟ್ಟು ಅಲ್ಲಿಗೆ ಮುಗೀತದೆ ಅನ್ನೋರೂ ಅವ್ರೆ. ನಡುವೆ ಒಂದು ಜಾಗ ಐತೆ, ಅಲ್ಲಿ ತೊಳ್ಕೊಂಡು ಮೇಲಕ್ಕೆ ಹೋಗ್ಬೋದು ಅಂತ ಕನ್ಯಾಸ್ತ್ರೀಯರ ಚರ್ಚಿನೋರು ಹೇಳ್ತಾರೆ. ನನ್ನ ಕೇಳಿದ್ರೆ ದೇವ್ರಿಂದ ದೂರ ಇರೋದೇ ನರಕ. ಬೆಂಕಿ ಅನ್ನೋದು ನಮಗೆ ಅರ್ಥ ಆಗ್ಲಿ ಅಂತ ಹೇಳಿದ ಮಾತು."

"ಹಂಗಂದ್ರೆ ಯಾರು ಹೆದರ್ತಾರೆ ಭಾವ?"

"ಹೆದರ್ಸಕ್ಕೆ ಬಂದ್ನೇನೋ ನಮ್ಮ ಸ್ವಾಮಿ?"

ಒಂದೇ ಪುಸ್ತಕವನ್ನು ಓದಿ ಇಬ್ಬರು ಇಷ್ಟು ದೂರ ದೂರ ಹೋಗಿ ನಿಲ್ಲಬಹುದೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಯಾವಾಗ ಬಂದೀತೋ ಎಂದು ಕಾಯತೊಡಗಿದೆ. ಊರಿಗೆ ಹೋಗದೆ ರಜೆಯಲ್ಲೂ ಅಲ್ಲೇ ಉಳಿಯುತ್ತಿದ್ದೇನೆಂದು ನಮ್ಮಮ್ಮನಿಗೆ ಬೇರೆ ಅನುಮಾನ ಬಂದಿತ್ತು. ನರಕದ ಸಲುವಾಗಿ ಎಂದು ಅವಳಿಗೆ ಹೇಗೆ ಹೇಳಲಿ?

ಈ ಚರ್ಚೆಯೆಲ್ಲ ಬರೀ ಚರ್ಚೆಯಲ್ಲ, ಗುರಿ ಮುನಿಯಪ್ಪ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಆ ವರ್ಷ ಆಡಿ ತಿಂಗಳ ಹದಿನೆಂಟನೆಯ ದಿನದ ಹೊಳೆಹಬ್ಬಕ್ಕೆ ಮುದುಕ ಹೊಗೇನಕಲ್ಲಿಗೆ ಹೋಗಿ ಕಾವೇರಿಯಲ್ಲಿ ಮಿಂದು ಬಂದಿದ್ದ. ನಮ್ಮ ಕಡೆ ಹೊಳೆಗೆ ಹೋದವರು ತಮ್ಮೊಬ್ಬರ ಸಲುವಾಗಿ ಮುಳುಗುವುದಿಲ್ಲವಷ್ಟೆ, ಬಾರದವರ ಹೆಸರು ಹೇಳಿ ಅವರ ಪಾಲಿನದೂ ಒಂದೊಂದು ಮುಳುಗು ಹಾಕುತ್ತಾರೆ. ಮುನಿಯಪ್ಪ ಸತ್ತ ಹೆಂಡತಿ ಗೌರಮ್ಮನ ಹೆಸರಲ್ಲಿ, ಮಗಳು ಅಳಿಯನ ಹೆಸರಲ್ಲಿ, ಮಗನ ಹೆಸರಲ್ಲಿ, ಕೊನೆಗೆ ಕಾಲು ಬಾತಿದ್ದ ಎಮ್ಮೆಯ ಹೆಸರಲ್ಲೂ ಮುಳುಗಿ ಎದ್ದು, ಎದೆ ತುಂಬ ಕಫ ಕಟ್ಟಿಸಿಕೊಂಡು ಬಂದ.

"ನಿಮ್ಮ ಹೆಸ್ರಲ್ಲೂ ಒಂದು ಮುಳುಗಿವ್ನಿ ಟೀಚರಮ್ಮ. ಒಳ್ಳೆ ಗಂಡು ಸಿಕ್ಲಿ ಅಂತ," ಎಂದು ಕೆಮ್ಮುತ್ತಲೇ ನನಗೆ ಹೇಳಿದ್ದ.

ಸ್ಯಾಮುವೇಲನಿಗೆ ಇದು ತಿಳಿದು ರೇಗಿಹೋಯಿತು. "ಒಬ್ರು ಮುಳುಗಿದ್ದು ಇನ್ನೊಬ್ರಿಗೆ ಸೇರಲ್ಲ ಅಪ್ಪ. ಅವರವರ ನಂಬಿಕೆ ಅವರವರ್ಗೆ."

"ನಿಂಗೆ ಸೇರ್ದಿದ್ರೆ ವಾಪಸ್ ಕೊಡ್ಲಾ," ಅಂದ ಮುದುಕ.

ಆದರೆ ಕೆಮ್ಮು ಇಳಿಯಲಿಲ್ಲ. ದಸರೆ ಕಳೆಯುವ ಹೊತ್ತಿಗೆ ಮುನಿಯಪ್ಪನ ಕೊರಳ ಎಲುಬು ಎದ್ದು ಕಾಣುತ್ತಿತ್ತು. ಹೊಸೂರಿನ ಡಾಕ್ಟರು ಎಕ್ಸರೇ ನೋಡಿ, ಮಗನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅಂದಿನಿಂದ ಸ್ಯಾಮುವೇಲ್ ಶಿಫ್ಟು ಬದಲಾಯಿಸಿಕೊಂಡು ವಾರದ ನಡುವೆಯೂ ಬರತೊಡಗಿದ. ಅಪ್ಪ ಹೋಗುವುದರೊಳಗೆ ಅವನನ್ನು ಕೆರೆಗೆ ಇಳಿಸಬೇಕು, ದೀಕ್ಷಾಸ್ನಾನ ಆಗಬೇಕು. ಅದೊಂದೇ ಹಟ. ಜ್ಞಾನಮ್ಮ ನಡುವೆ ಸಿಕ್ಕಿಕೊಂಡಳು. "ಇವ್ರು ಹೇಳೋದ್ ಕೇಳಿದ್ರೆ ಸಮಾಧಾನ ಆಯ್ತದೆ ಟೀಚರಮ್ಮ. ಅವ್ನು ಹೇಳೋದ್ ಕೇಳಿದ್ರೆ ಊಟ ಸೇರಲ್ಲ. ಇಬ್ರೂ ಓದಿದೋರೇ. ನಾನು ಯಾರನ್ನ ನಂಬ್ಲಿ?" ಎಂದು ಒಲೆಯ ಮುಂದೆ ಕೂತು ಕೇಳಿದಳು.  ನಾನು ಮೊರ ತೆಗೆದುಕೊಂಡು ಅವಳ ಜೊತೆ ರಾಗಿ ಕೇರಿದೆ.

ಆ ಸಲ ರಾಗಿ ಚೆನ್ನಾಗಿ ಬಂದಿತ್ತು. ತೆನೆ ಬಲಿತ ಮೇಲೆ ಕಾಡಿನ ಅಂಚಿನ ಹೊಲದವರಿಗೆ ಕಾವಲಿನ ಕೆಲಸ. ಆಗ ಆನೆಗಳು ಈಗಿನಷ್ಟು ಬರುತ್ತಿರಲಿಲ್ಲ, ಆದರೆ ಬಂದರೆ ಒಂದು ಮನೆಯ ವರ್ಷದ ಹಿಟ್ಟು ಹೋದಂತೆಯೇ. ಸಂಜೆಯಾಗುವ ಮೊದಲೇ ಹೊಲದ ಕಾಡಿನ ಕಡೆಯ ಬದುವಿನಲ್ಲಿ ಒಣಗಿದ ಬೊಡ್ಡೆಗಳನ್ನು ಒಟ್ಟಿ, ಮೇಲೆ ಹಸಿ ಲಂಟಾನ ಹೇರಿ, ಬೆಂಕಿ ಹಾಕಬೇಕು. ಕೆಮ್ಮಿದ್ದರೂ ಮುನಿಯಪ್ಪ ಈ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೂ ಜ್ಞಾನಮ್ಮನೂ ಕಡ್ಡಿ ಹೊತ್ತುಕೊಂಡು ಹೋಗುತ್ತಿದ್ದೆವು. ಅವತ್ತು ಸ್ಯಾಮುವೇಲ್ ಕೂಡ ಬಂದಿದ್ದ. ಇನ್ನೂ ಬಿಸಿಲಿತ್ತು. ಹೊಗೆ ಮಾತ್ರ ಬರುತ್ತಿತ್ತು, ಉರಿ ಎದ್ದಿರಲಿಲ್ಲ.

ಮುದುಕ ಮಗನ ಕಡೆ ತಿರುಗಿ, "ನಾನು ಇಷ್ಟ್ ವರ್ಷದಿಂದ ಬೆಂಕಿ ಹಾಕ್ತಾ ಇವ್ನಿ ಕಣ್ಲಾ. ಒಂದಾನೆ ಬಾಲದ ಕೂದ್ಲೂ ಸುಟ್ಟಿಲ್ಲ. ಹಾಕೋದು ಆನೆ ಸುಡಕ್ಕಲ್ಲ, ಬರ್ಬ್ಯಾಡಪ್ಪೋ ಈ ಕಡೆ ಅನ್ನಕ್ಕೆ. ನಿಮ್ಮ ದೇವ್ರೂ ಹಂಗೇ ಹಾಕವ್ನೇನೋ. ಯಾರನ್ನಾದ್ರೂ ಸುಟ್ಟಿದ್ದು ಕಂಡೋರವ್ರಾ?" ಅಂದ.

ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಆದರೆ ಸ್ಯಾಮುವೇಲ್ ದಡ್ಡನಲ್ಲ.

"ಸರಿ ಅಪ್ಪ. ಈ ಬೆಂಕಿ ಸುಡದೇ ಇದ್ದಿದ್ರೆ ಆನೆ ಹೆದರ್ತಿತ್ತಾ? ಬಣ್ಣದ ಕಾಗ್ದ ಕಟ್ಟಿ ನೋಡು, ತುಳ್ಕೊಂಡು ಬತ್ತದೆ. ನಿಜವಾದ ಬೆಂಕಿ ಆದ್ದರಿಂದ್ಲೇ ನಿಲ್ತದೆ. ಆನೇಗಿರೋ ಬುದ್ಧಿ ನಮಗೆ ಬ್ಯಾಡ್ವಾ?"

ಇದೂ ನಿಜವಲ್ಲವೇ ಅನ್ನಿಸಿತು. ನಾನು ಆ ಕಡೆಗೂ ವಾಲಿದೆ. ಎರಡು ಕಡೆಗೂ ತಲೆಯಾಡಿಸುವ ಕೋಲೆಬಸವನ ಅವಸ್ಥೆ ಆ ಕಾಲದಲ್ಲಿ ನನ್ನದು.

ಮುನಿಯಪ್ಪ ಒಂದು ಕೊಳ್ಳಿಯನ್ನು ಒಳಕ್ಕೆ ನೂಕಿ, ಕೆಮ್ಮು ನಿಲ್ಲುವವರೆಗೆ ಕಾದ. ಆಮೇಲೆ ತಮಾಷೆ ಬಿಟ್ಟು ಕೇಳಿದ.

"ಅದ್ ಸರಿ. ನಿಮ್ಮವ್ವ ಎಲ್ಲವ್ಳೆ?"

ಗೌರಮ್ಮ ಸತ್ತು ಆರೇಳು ವರ್ಷವಾಗಿತ್ತು. ಅವಳನ್ನು ಮಣ್ಣು ಮಾಡಿದ್ದು ಅದೇ ಹೊಲದ ಮೂಲೆಯಲ್ಲಿ, ನಾವು ನಿಂತ ಕಡೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮಾರಮ್ಮನನ್ನು ಬಿಟ್ಟು ಬೇರೆ ದೇವರ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಸ್ಯಾಮುವೇಲ್ ಕಡ್ಡಿಯ ಹೊರೆಯನ್ನು ಎದೆಗೆ ಅವುಚಿಕೊಂಡ. 

"ಹೇಳ್ಲಾ. ಅಷ್ಟು ವೇದ ಓದಿದ್ದೀಯ. ನಾನು ನೀರಿಗೆ ಬಿದ್ದು ಮೇಲಕ್ಕೆ ಹೋದ್ರೆ ಅಲ್ಲಿ ಅವಳಿರ್ತಾಳಾ, ಇಲ್ವಾ?"

"ಕೇಳ್ಬ್ಯಾಡ ಅಪ್ಪ," ಅಂದ ಸ್ಯಾಮುವೇಲ್. ಕೈಯಲ್ಲಿದ್ದ ಕಡ್ಡಿಯ ಹೊರೆಯನ್ನು ಅಲ್ಲೇ ಹಾಕಿ, ಬದುವಿನ ಮೇಲೆ ಕೂತು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. "ನಾನು ಸುಳ್ಳು ಹೇಳಲಾರೆ. ಅವ್ವ ಹೋಗೋ ಹೊತ್ಗೆ ನಂಗೇನೂ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಕಾಲು ಹಿಡ್ಕೊಂಡು ಹೇಳ್ತಿದ್ದೆ. ನೀನಾದ್ರೂ ಉಳ್ಕೋ ಅಪ್ಪ."

ಅಲ್ಲಿಯವರೆಗೆ ಅವನ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ಸಾಯುವ ಮುದುಕನನ್ನು ಹೆದರಿಸುತ್ತಾನಲ್ಲ ಎಂದು. ಅವತ್ತು ಅದು ಹೋಯಿತು. ತಾಯಿ ಬೆಂಕಿಯಲ್ಲಿದ್ದಾಳೆ ಎಂದು ನಂಬಿಕೊಂಡು ಈ ಹುಡುಗ ದಿನಾ ಸೈಕಲ್ ತುಳಿದು, ಮೆಷಿನ್ನಿನ ಮುಂದೆ ನಿಂತು, ಡಬ್ಬಿಯ ಅನ್ನ ತಿಂದು ಬದುಕುತ್ತಿದ್ದ. ನನಗೆ ನರಕ ಚರ್ಚೆಯ ವಿಷಯವಾಗಿತ್ತು. ಅವನಿಗೆ ಮನೆಯವರೊಬ್ಬರು ಹೋಗಿ ಸಿಕ್ಕಿಕೊಂಡ ಊರು. ಅಯ್ಯೋ ಅನ್ನಿಸಿತು.

ಮುನಿಯಪ್ಪ ಮಗನ ಪಕ್ಕಕ್ಕೆ ಕೂತು ಅವನ ಬೆನ್ನು ನೇವರಿಸಿದ. "ಅಳ್ಬ್ಯಾಡ ಕಣ್ಲಾ. ಅವ್ಳಿಲ್ದಿರೋ ಕಡೆಗೆ ನಾನು ಬಂದು ಏನ್ ಮಾಡ್ಲಿ?" ಎಂದು ಮೆಲ್ಲಗೆ ಹೇಳಿದ.

 ಮುಂದಿನ ಭಾನುವಾರಗಳಲ್ಲಿ ಸ್ಯಾಮುವೇಲ್ ಬಂದರೂ ಬೆಂಕಿಯ ಸುದ್ದಿ ಎತ್ತಲಿಲ್ಲ. ರಾಗಿ ಕೊಯ್ದ, ಹೊರೆ ಕಟ್ಟಿದ, ಮೆದೆ ಒಟ್ಟಿದ. ಮುದುಕ ಕಂಬಳಿ ಹೊದ್ದು ಕಣದ ಅಂಚಿಗೆ ಕೂತು ಎಲ್ಲರಿಗೂ ತಪ್ಪು ಹೇಳುತ್ತಿದ್ದ.

ಕ್ರಿಸ್ಮಸ್ ಬಂತು. ನಾನು ಅದುವರೆಗೆ ಚರ್ಚಿನ ಒಳಕ್ಕೆ ಕಾಲಿಟ್ಟಿರಲಿಲ್ಲ. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ, ಬನ್ನಿ ಬನ್ನಿ," ಎಂದು ಜ್ಞಾನಮ್ಮ ಕೈ ಹಿಡಿದು ಎಳೆದುಕೊಂಡು ಹೋದಳು. ಮುನಿಯಪ್ಪನೂ ಪ್ರತಿ ವರ್ಷದಂತೆ ಬಂದು ಹಿಂದಿನ ಗೋಡೆಗೆ ಒರಗಿ ಕೂತಿದ್ದ, ಪ್ರಾರ್ಥನೆಗಲ್ಲ, ಆಮೇಲಿನ ಬಿರಿಯಾನಿಗೆ. ನಡುವೆ ಎಲ್ಲರೂ ಎದ್ದು ನಿಂತು ತಾವು ಏನನ್ನು ನಂಬುತ್ತೇವೆಂದು ತಮಿಳಿನಲ್ಲಿ ಒಟ್ಟಿಗೆ ಹೇಳಿದರು. ಅದರಲ್ಲಿ ಅವರ ಸ್ವಾಮಿ ಸತ್ತ, ಹೂಳಲ್ಪಟ್ಟ, ಪಾತಾಳಕ್ಕೆ ಇಳಿದ, ಮೂರನೆಯ ದಿನ ಎದ್ದ ಎಂದು ಬಂತು.

ಊಟಕ್ಕೆ ಮಗನ ಪಕ್ಕ ಕೂತ ಮುನಿಯಪ್ಪ ಎದುರಿಗಿದ್ದ ಅಳಿಯನನ್ನು ಹಿಡಿದುಕೊಂಡ. "ಪಾತಾಳಕ್ಕೆ ಇಳ್ದ ಅಂತ ಹೇಳಿದ್ರಲ್ಲ. ಅಂದ್ರೆ ಇವನು ಹೇಳೋ ಆ ಜಾಗಾನೇ?"

"ಹೂ ಮಾವ. ಸತ್ತೋರಿರೋ ಜಾಗ."

"ಅವ್ನೇ ಹೋಗಿದ್ನಾ? ಏನು ಕೆಲ್ಸ ಅಲ್ಲಿ ಅವ್ನಿಗೆ?"

ದೇವಸಹಾಯಂ ಎಲೆಯ ಮೇಲಿನ ಕೈ ನಿಲ್ಲಿಸಿದರು. ಇಷ್ಟು ವರ್ಷ ಅದನ್ನು ಹೇಳಿಸಿದವರಿಗೆ ಯಾರೂ ಹೀಗೆ ಕೇಳಿರಲಿಲ್ಲವೇನೋ. "ಅಲ್ಲಿ ಸಿಕ್ಕೊಂಡಿದ್ದೋರನ್ನ ಕರ್ಕೊಂಬರಕ್ಕೆ ಹೋಗಿದ್ದ ಅಂತ ಹಿಂದಿನೋರು ಹೇಳ್ತಿದ್ರು. ಬಾಗ್ಲು ಮುರ್ದು."

"ಎಲ್ಲಾರೂ ಒಪ್ಪಲ್ಲ ಅದನ್ನ," ಅಂದ ಸ್ಯಾಮುವೇಲ್. ಆದರೆ ಅವನ ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ. "ನಾನು ಗೆದ್ದೆ ಅಂತ ಸಾರಕ್ಕೆ ಹೋಗಿದ್ದ, ಅಷ್ಟೇ. ಯಾರನ್ನೂ ಕರ್ಕೊಂಬರ್ಲಿಲ್ಲ ಅಂತ ನಮ್ಮ ಪಾಸ್ಟರ್ ಹೇಳ್ತಾರೆ."

"ಅಷ್ಟು ದೂರ ಇಳ್ದೋನು ಬರಿಗೈಲಿ ಬಂದ್ನಾ?" ಅಂದ ಮುನಿಯಪ್ಪ. "ಸಂತೆಗೆ ಹೋದೋನೇ ಬರಿಗೈಲಿ ಬರಲ್ಲ."

ಅಲ್ಲಿದ್ದವರೆಲ್ಲ ನಕ್ಕರು. ಮುದುಕ ನಗಲಿಲ್ಲ. ಕೈ ತೊಳೆದು ಬಂದು ಮಗನಿಗೆ, "ಸರಿ ಕಣ್ಲಾ. ಮುಳುಗ್ತೀನಿ. ದಾರಿ ಗೊತ್ತಿರೋ ಆಸಾಮಿ ಅವ್ನು. ಆದ್ರೆ ನೀನೇ ಹಿಡ್ಕೋಬೇಕು, ಕಾಲಲ್ಲಿ ಬಲ ಇಲ್ಲ," ಅಂದ. ಸ್ಯಾಮುವೇಲನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನ ಎರಡೂ ಕೈ ಹಿಡಿದುಕೊಂಡು ನಿಂತ.

ದೀಕ್ಷಾಸ್ನಾನ ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ. ಹೊಸೂರಿನಿಂದ ಅವರ ಪಾಸ್ಟರ್ ಬಂದಿದ್ದರು, ಬಿಳೀ ಪ್ಯಾಂಟು ಬಿಳೀ ಅಂಗಿ, ಸೌಮ್ಯ ಮನುಷ್ಯ. ಚಳಿಗಾಲ, ಎದೆ ಕಟ್ಟಿದ ಮುದುಕ. ಬೇಡವೇ ಬೇಡ ಎಂದು ಜ್ಞಾನಮ್ಮ ಕೊನೆಯವರೆಗೂ ಜಗಳವಾಡಿದಳು. ಕಡೆಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಇಳಿಯುವುದೆಂದು ಒಪ್ಪಂದವಾಯಿತು. ನಾವು ಕೆರೆಯ ಏರಿಯ ಮೇಲೆ ಕಂಬಳಿ, ಟವಲು, ಫ್ಲಾಸ್ಕಿನಲ್ಲಿ ಶುಂಠಿ ಕಾಫಿ ಹಿಡಿದು ನಿಂತೆವು. ದೇವಸಹಾಯಂ ಅವರಿಗೆ ಮಾವ ತಮ್ಮ ಚರ್ಚಿಗೆ ಬರಲಿಲ್ಲವೆಂಬ ಬೇಸರ ಇರಬಹುದೆಂದು ನಾನು ಕದ್ದು ನೋಡಿದೆ. ಇದ್ದರೂ ಮುಖದಲ್ಲಿ ಕಾಣಲಿಲ್ಲ.

ಮುನಿಯಪ್ಪ ಸೊಂಟದ ಮಟ್ಟದ ನೀರಿನಲ್ಲಿ ನಿಂತ. ಒಂದು ಕಡೆ ಪಾಸ್ಟರ್, ಇನ್ನೊಂದು ಕಡೆ ಸ್ಯಾಮುವೇಲ್, ಅವನ ಒಂದು ಕೈ ಅಪ್ಪನ ಬೆನ್ನ ಮೇಲೆ. ಪಾಸ್ಟರ್ ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ಮುದುಕ "ಆಯ್ತು ಸಾಮಿ" ಎಂದು ಕನ್ನಡದಲ್ಲೇ ಒಪ್ಪಿದ. ಇಬ್ಬರೂ ಸೇರಿ ಅವನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿ ಎತ್ತಿದರು. ಏರಿಯ ಮೇಲಿದ್ದ ಕೂಟದವರು ಹಾಡು ಎತ್ತಿಕೊಂಡರು. ಪಾಸ್ಟರ್ ಕೈ ಬಿಟ್ಟು ದಡದ ಕಡೆ ತಿರುಗಿದರು.

ಮುನಿಯಪ್ಪ ತಿರುಗಲಿಲ್ಲ. ಮುಖದ ನೀರು ಒರೆಸಿಕೊಂಡು, ಹೊಗೇನಕಲ್ಲಿನಲ್ಲಿ ಹೇಳಿದಷ್ಟೇ ಸಹಜವಾಗಿ ಗಟ್ಟಿಯಾಗಿ ಹೇಳಿದ. "ಇದು ನಂದಾಯ್ತು. ಈಗ ಗೌರೀದು."

ಹಾಡು ಅಲ್ಲಲ್ಲೇ ನಿಂತಿತು. ಪಾಸ್ಟರ್ "ವೇಂಡಾಂ ಅಯ್ಯಾ, ವೇಂಡಾಂ," ಬೇಡ ಬೇಡ ಎಂದು ಹಿಂದಕ್ಕೆ ತಿರುಗಿದರು. ನಾನು ಸ್ಯಾಮುವೇಲನ ಮುಖವನ್ನೇ ನೋಡುತ್ತಿದ್ದೆ. ಒಬ್ಬರು ಮುಳುಗಿದ್ದು ಇನ್ನೊಬ್ಬರಿಗೆ ಸೇರುವುದಿಲ್ಲ ಎಂದವನು ಅವನೇ. ಅವನು ಪಾಸ್ಟರನ್ನು ನೋಡಿದ, ಅಪ್ಪನನ್ನು ನೋಡಿದ. ಬೆನ್ನ ಮೇಲಿದ್ದ ಕೈ ಅಲ್ಲೇ ಇತ್ತು. ತನ್ನಷ್ಟಕ್ಕೆ ಬಾಗಿ ಮುಳುಗುವ ಶಕ್ತಿ ಆ ಮುದುಕನ ಮೊಣಕಾಲಿಗೆ ಇರಲಿಲ್ಲ, ಅದು ನಮಗೆಲ್ಲ ಗೊತ್ತಿತ್ತು. ಆದರೂ ಮುನಿಯಪ್ಪ ಎರಡನೆಯ ಸಲ ನೀರೊಳಗೆ ಹೋದ, ಮೊದಲಿನದಕ್ಕಿಂತ ಹೆಚ್ಚು ಹೊತ್ತು ಇದ್ದ, ಎದ್ದ.

"ಸತ್ತೋರಿಗೋಸ್ಕರ ಮುಳುಗೋರು ಹಿಂದೇನೂ ಇದ್ರಂತೆ," ಅಂದರು ನನ್ನ ಪಕ್ಕದಲ್ಲಿದ್ದ ದೇವಸಹಾಯಂ, ತಮ್ಮಷ್ಟಕ್ಕೆ ಎಂಬಂತೆ. "ವೇದದಲ್ಲಿ ಒಂದೇ ಒಂದು ಕಡೆ ಆ ಮಾತು ಬತ್ತದೆ. ಯಾಕೆ, ಹೆಂಗೆ ಅಂತ ಇವತ್ತಿಗೂ ಯಾರ್ಗೂ ಗೊತ್ತಿಲ್ಲ ಟೀಚರಮ್ಮ." ಬೇರೆ ದಿನವಾಗಿದ್ದರೆ ನಾನು ಅದನ್ನು ಹಿಡಿದುಕೊಂಡು ಒಂದು ಗಂಟೆ ಕೆದಕುತ್ತಿದ್ದೆ. ಅವತ್ತು ಕಣ್ಣೀರು ಒರೆಸಿಕೊಳ್ಳುವುದರಲ್ಲಿದ್ದೆ.

ಮುದುಕನನ್ನು ಏರಿಯ ಮೇಲೆ ಬಿಸಿಲಿಗೆ ಕೂರಿಸಿ ಕಂಬಳಿ ಸುತ್ತಿದೆವು. ಜ್ಞಾನಮ್ಮ ಬೈಯುತ್ತಾ ಅಳುತ್ತಾ ಅವನ ತಲೆ ಒರೆಸಿದಳು. ಪಾಸ್ಟರ್ ಪ್ಯಾಂಟಿನ ಅಂಚು ಹಿಂಡುತ್ತಾ ದೂರ ನಿಂತಿದ್ದರು. ಮುನಿಯಪ್ಪ ಕಾಫಿ ಹೀರಿ, "ಟೀಚರಮ್ಮ, ನಿಮ್ಮ ಹೆಸ್ರಲ್ಲಿ ಮುಳುಗಕ್ಕೆ ಬಿಡ್ಲಿಲ್ಲ ಇವ್ರು," ಎಂದು ದೂರು ಹೇಳಿದ.

ಎಲ್ಲರಿಗಿಂತ ಕೊನೆಗೆ ಸ್ಯಾಮುವೇಲ್ ನೀರಿನಿಂದ ಬಂದ. ಒದ್ದೆ ಬಟ್ಟೆಯಲ್ಲೇ ಅಪ್ಪನ ಕಾಲ ಹತ್ತಿರ ಕೂತ.  ಆಮೇಲೆ ಚಿಕ್ಕ ಮಗುವಿನ ಹಾಗೆ ತಲೆ ಎತ್ತಿ ಕೇಳಿದ.

"ಅಪ್ಪ, ಅವ್ವ ಬಂದ್ಲಾ?"

"ನೀನು ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ ಕಣ್ಲಾ," ಅಂದ ಮುನಿಯಪ್ಪ. "ಬರ್ದೆ ಏನ್ ಮಾಡ್ತಾಳೆ?"